ಡೆಸ್, ಸೆವೋ, ನೈಟ್ರಸ್: 14 ವರ್ಷ ಓಟಿಲಿ ಬಳಸಿದ ಮೇಲೆ ನನ್ನ ರಿವ್ಯೂ

ನಾನು ಬೆಂಗಳೂರಲ್ಲಿ ಒಂದು ಪ್ರೈವೇಟ್ ಆಸ್ಪತ್ರೇಲಿ ಅನಸ್ತೇಶಿಯಾ ಟೆಕ್ನಿಷಿಯನ್. ಬೆಳಗ್ಗೆ ಏಳೂವರೆಗೆ ಓಟಿ, ಅಂದ್ರೆ ಆಪರೇಷನ್ ಥಿಯೇಟರ್ ಒಳಗೆ ಹೋಗಿ ಮಷಿನ್ ಚೆಕ್ ಮಾಡೋದು, ಔಷಧಿ ದ್ರವನ ಆವಿ ಮಾಡಿ ಕೊಡೋ ವೇಪರೈಸರ್ ತುಂಬ್ಸೋದು, ಸೋಡಾ ಲೈಮ್ ಬಣ್ಣ ನೋಡೋದು, ಡಾಕ್ಟ್ರು ಕೈ ಚಾಚಿದಾಗ ಟ್ಯೂಬು ಲ್ಯಾರಿಂಗೋಸ್ಕೋಪು ಕೊಡೋದು, ಇದೇ ಕೆಲ್ಸ, 14 ವರ್ಷ ಆಯ್ತು. ಆಪರೇಷನ್ ಆದೋರಿಗೆ ಸರ್ಜನ್ ಹೆಸ್ರು ಜೀವನ ಪೂರ್ತಿ ನೆನಪಿರತ್ತೆ, ಮತ್ತಿನ ಔಷಧಿ ಕೊಟ್ಟ ಡಾಕ್ಟರ ಹೆಸ್ರು ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ, ಇನ್ನು ಯಾವ ಗ್ಯಾಸ್ ಕೊಟ್ರು ಅಂತ ಒಬ್ರಾದ್ರೂ ಕೇಳಿದ್ದು ನನಗೆ ನೆನಪಿಲ್ಲ. ಡಿಸ್ಚಾರ್ಜ್ ಬಿಲ್ಲಲ್ಲಿ ಅನಸ್ತೇಶಿಯಾ ಚಾರ್ಜಸ್ ಅಂತ ಒಂದು ಸಾಲು ಬರತ್ತೆ, ಅದರ ಹಿಂದೆ ಇರೋ ಬಾಟ್ಲಿಗಳ ಬಗ್ಗೆ, ಅಂದ್ರೆ ಮತ್ತಿಗೆ ಅಂತ ಉಸಿರಲ್ಲಿ ಕೊಡೋ ಡೆಸ್, ಸೆವೋ, ಐಸೋ, ನೈಟ್ರಸ್ ಅನ್ನೋ ಗ್ಯಾಸ್‌ಗಳ ಬಗ್ಗೆ, ಯಾರೂ ಕನ್ನಡದಲ್ಲಿ ಬರ್ದಿದ್ದು ನಾನು ನೋಡಿಲ್ಲ, ಅದಕ್ಕೆ ನಾನೇ ಕೂತು ಬರೀತಿದೀನಿ. ಸ್ವಲ್ಪ ಉದ್ದ ಆಗತ್ತೆ.

ಇದೆಲ್ಲಾ ತಲೆಗೆ ಹತ್ತಿದ್ದು ಟೆರೇಸ್ ಮೇಲೆ. ಒಂದಿನ ಓಟಿ ಏಸಿ ಡಕ್ಟಿಂದು ಏನೋ ಸದ್ದು ಅಂತ ಮೇಂಟೆನೆನ್ಸ್ ಹುಡುಗನ ಜೊತೆ ಮೇಲೆ ಹೋಗಿದ್ದೆ. ನೀರಿನ ಟ್ಯಾಂಕ್ ಪಕ್ಕ ಗೋಡೆಯಿಂದ ಒಂದು ಪೈಪು ಹೊರಗೆ ಬಂದಿತ್ತು, ಬಾಯಿಗೆ ಜಾಲರಿ ಕಟ್ಟಿದ್ರು. ಇದ್ಯಾವ್ದಪ್ಪಾ ಅಂದೆ. "ಅಕ್ಕ, ಇದು ನಿಮ್ದೇ, ಓಟಿಯಿಂದ ಗ್ಯಾಸ್ ಎಳ್ದು ಹೊರಗೆ ಬಿಡೋ ಲೈನು" ಅಂದ. ಅಷ್ಟೊತ್ತಿಗೆ ನಾನು ಹತ್ತು ವರ್ಷ ಆ ಲೈನಿನ ಇನ್ನೊಂದು ತುದಿನ ದಿನಾ ಬೆಳಗ್ಗೆ ಮಷಿನ್ನಿಗೆ ಸಿಕ್ಸಿದೀನಿ, ಸ್ಕಾವೆಂಜಿಂಗ್ ಅಂತ ಚೆಕ್‌ಲಿಸ್ಟಲ್ಲಿ ಟಿಕ್ ಹಾಕಿದೀನಿ, ಆದ್ರೆ ಅದು ಎಲ್ಲಿಗೆ ಹೋಗತ್ತೆ ಅಂತ ಯೋಚ್ನೆನೇ ಮಾಡಿರ್ಲಿಲ್ಲ. ಮಧ್ಯದಲ್ಲಿ ಎಲ್ಲೋ ಫಿಲ್ಟರ್ ಇರತ್ತೆ, ಶುದ್ಧ ಮಾಡ್ತಾರೆ ಅಂತ ಮನಸ್ಸಲ್ಲಿ ಅಂದ್ಕೊಂಡಿದ್ದೆ. ಏನೂ ಇರ್ಲಿಲ್ಲ. ಕೆಳಗೆ ಹಾಕಿದ್ದು ಮೇಲೆ ಬರತ್ತೆ, ಹಾಗೇ ಆಕಾಶಕ್ಕೆ ಹೋಗತ್ತೆ.

ಕೆಳಗೆ ಬಂದು ನಮ್ಮ ಸೀನಿಯರ್ ಅನಸ್ತೇಶಿಯಾ ಮೇಡಂನ ಕೇಳ್ದೆ, ರೋಗಿ ಉಸಿರಾಡಿದ್ರಲ್ಲಿ ಎಷ್ಟು ಮೇಡಂ ಹೊರಗೆ ಹೋಗತ್ತೆ ಅಂತ. ಅವ್ರು ಟೀ ಕುಡೀತಾ ಹೇಳಿದ್ದು ಇವತ್ತಿಗೂ ಮರೆತಿಲ್ಲ, "ಎಷ್ಟು ಒಳಗೆ ಉಳಿಯತ್ತೆ ಅಂತ ಕೇಳು, ಲೆಕ್ಕ ಸುಲಭ ಆಗತ್ತೆ" ಅಂದ್ರು. ಸೆವೋ ಆದ್ರೆ ದೇಹ ಒಡೆಯೋದು ಹೆಚ್ಚೂ ಕಮ್ಮಿ 5 ಪರ್ಸೆಂಟ್ ಒಳಗೆ, ಐಸೋ ಆದ್ರೆ 0.2, ಡೆಸ್ ಆದ್ರೆ 0.02. ಮಿಕ್ಕಿದ್ದೆಲ್ಲಾ ಬಂದ ದಾರೀಲೇ ವಾಪಸ್. ಇದು ಔಷಧಿಯಾಗಿ ಒಳ್ಳೆ ಗುಣನೇ, ಲಿವರ್ರಿಗೆ ಕೆಲ್ಸ ಕಮ್ಮಿ. ಹಳೇ ಹ್ಯಾಲೋಥೇನ್ 20 ಪರ್ಸೆಂಟ್ ಹತ್ರ ದೇಹದಲ್ಲೇ ಒಡೀತಿತ್ತು, ಅದ್ರಿಂದ ಅಪರೂಪಕ್ಕೆ ಲಿವರ್ ತೊಂದ್ರೆ ಆಗೋದು. ಆದ್ರೆ ರೋಗಿಗೆ ಒಳ್ಳೇದು ಅಂತ ನಾವು ಸಂತೋಷ ಪಟ್ಟಿದ್ದೇ ಟೆರೇಸ್ ಪೈಪಿಗೆ ಕೆಟ್ಟದ್ದು. ರೋಗಿ ಗ್ಯಾಸನ್ನ ಬಾಡಿಗೆಗೆ ತಗೊಂಡು ವಾಪಸ್ ಕೊಟ್ಟಂಗೆ, ಬಾಟ್ಲಿಲಿ ಇದ್ದಿದ್ದು ಪೂರ್ತಿ ಗಾಳಿಗೆ.

ಮೊದ್ಲು ಡೆಸ್‌ಫ್ಲುರೇನ್. ನೀಲಿ ಬಣ್ಣದ ಗುರುತು, 240 ಎಂಎಲ್ ಬಾಟ್ಲಿ. ಕೈಯಲ್ಲಿ ಹಿಡ್ದೋರಿಗೆ ಗೊತ್ತು ಇದು ಬೇರೆಯೋರ ಥರ ಅಲ್ಲ ಅಂತ. 22.8 ಡಿಗ್ರಿಗೆ ಕುದಿಯತ್ತೆ, ಅದೂ ಸಮುದ್ರದ ಪಕ್ಕ. ನಮ್ಮ ಬೆಂಗಳೂರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿ ಒತ್ತಡ ಕಮ್ಮಿ, ಅದಕ್ಕೆ ಇಲ್ಲಿ ಇನ್ನೂ ಬೇಗ, 20 ಡಿಗ್ರಿ ಆಸುಪಾಸಲ್ಲೇ ಕುದಿಯೋಕೆ ಶುರು. ಅಂದ್ರೆ ಓಟಿ ಏಸಿಲೇ ಕುದಿಯತ್ತೆ. ಹಾಗಾಗಿ ಮಾಮೂಲಿ ವೇಪರೈಸರ್ರಲ್ಲಿ ಹಾಕೋಕೆ ಆಗಲ್ಲ, ಅದಕ್ಕೆ ಅಂತಲೇ ಕರೆಂಟಲ್ಲಿ ಓಡೋ ವೇಪರೈಸರ್ ಬೇಕು, ಅದು ಒಳಗೆ 39 ಡಿಗ್ರಿಗೆ ಬಿಸಿ ಮಾಡಿ ಎರಡು ಪಟ್ಟು ಒತ್ತಡದಲ್ಲಿ ಇಟ್ಕೊಂಡು ಅಳ್ದು ಬಿಡತ್ತೆ. ಬೆಳಗ್ಗೆ ಪ್ಲಗ್ ಹಾಕಿ ಬಿಸಿ ಆಗೋವರೆಗೂ ಕಾಯ್ಬೇಕು. ಪ್ಲಗ್ ಸಡಿಲ ಆಗಿದ್ರೆ ಅಲಾರಂ. ಇನ್ನೊಂದು ವಿಷ್ಯ ಮೇಡಂ ಹೇಳ್ಕೊಟ್ಟಿದ್ದು, ಈ ವೇಪರೈಸರ್ ಊರಿನ ಎತ್ತರಕ್ಕೆ ತಾನಾಗೇ ಹೊಂದ್ಕೊಳ್ಳಲ್ಲ, ಕರಾವಳಿ ಊರಲ್ಲಿ 6ಕ್ಕೆ ಇಡೋ ಡಯಲ್ ಬೆಂಗಳೂರಲ್ಲಿ 6.6 ಹತ್ರ ಇಟ್ರೆ ಅದೇ ಪರಿಣಾಮ. ಸೆವೋ ಐಸೋ ವೇಪರೈಸರ್ರಿಗೆ ಈ ತಲೆನೋವಿಲ್ಲ.

ಒಳ್ಳೇದನ್ನ ಮೊದ್ಲು ಹೇಳ್ಬಿಡ್ತೀನಿ. ಡೆಸ್ ರಕ್ತದಲ್ಲಿ ಕರಗೋದು ತುಂಬಾ ಕಮ್ಮಿ, ಅದಕ್ಕೆ ಡಯಲ್ ಮುಚ್ಚಿದ ತಕ್ಷಣ ರೋಗಿ ಎಚ್ರ ಆಗ್ತಾರೆ. ದಪ್ಪ ಇರೋರು, ಐದಾರು ಗಂಟೆ ಸರ್ಜರಿ ಆದೋರು, ಅಂಥೋರಲ್ಲಿ ವ್ಯತ್ಯಾಸ ನಾನೇ ಕಣ್ಣಾರೆ ನೋಡಿದೀನಿ, ಹೆಸ್ರು ಕರೆದ್ರೆ ಟಕ್ ಅಂತ ಕಣ್ಣು ಬಿಡ್ತಾರೆ. ಲಿಸ್ಟ್ ಉದ್ದ ಇರೋ ದಿನ ಸರ್ಜನ್ನರಿಗೆ ಇದು ಬಹಳ ಇಷ್ಟ, ಮುಂದಿನ ಕೇಸ್ ಬೇಗ ಒಳಗೆ ತಗೋಬಹುದಲ್ಲ. ಆದ್ರೆ ನಿಜವಾಗ್ಲೂ ಎಷ್ಟು ಉಳೀತಿತ್ತು? ನಮ್ಮ ಓಟಿಲಿ ಕೆಲವು ನಿಮಿಷ. ಆಮೇಲೆ ಅದೇ ರೋಗಿ ರಿಕವರೀಲಿ ಬೆಡ್ ಸಿಗಲಿಲ್ಲ ಅಂತ ಇಪ್ಪತ್ತು ನಿಮಿಷ ಕಾರಿಡಾರಲ್ಲಿ ಇರ್ತಿದ್ರು. ಒಳ್ಳೆ ಅನುಭವ ಇರೋ ಡಾಕ್ಟ್ರು ಸೆವೋನ ಹೊಲಿಗೆ ಹಾಕೋ ಹೊತ್ತಿಗೇ ಇಳಿಸ್ತಾ ಬಂದ್ರೆ ಅವ್ರ ರೋಗಿನೂ ಅಷ್ಟೇ ಚೆನ್ನಾಗಿ ಏಳ್ತಾರೆ, ಇದನ್ನೂ ಕಣ್ಣಾರೆ ನೋಡಿದೀನಿ.

ಈಗ ಕೆಟ್ಟದ್ದು, ಇಲ್ಲಿ ಲೆಕ್ಕ ಬರತ್ತೆ, ಆದ್ರೆ ಸುಲಭದ ಲೆಕ್ಕ. ನಮ್ಮಲ್ಲಿ ಹೊಸ ಹುಡುಗ್ರಿಗೆ ಹೇಳ್ಕೊಡೋ ಒಂದು ಸೂತ್ರ ಇದೆ, ನಿಮಿಷಕ್ಕೆ ಎಷ್ಟು ಲೀಟರ್ ಫ್ಲೋ (ಮಷಿನ್ನಿಂದ ಹೊಸದಾಗಿ ಹರಿಯೋ ಆಕ್ಸಿಜನ್, ಏರ್), ಎಷ್ಟು ಪರ್ಸೆಂಟ್ ಡಯಲ್, ಎರಡನ್ನೂ ಗುಣಿಸಿ ಮತ್ತೆ 3ರಿಂದ ಗುಣಿಸಿದ್ರೆ ಗಂಟೆಗೆ ಎಷ್ಟು ಎಂಎಲ್ ದ್ರವ ಖರ್ಚಾಗತ್ತೆ ಅಂತ ಸುಮಾರಾಗಿ ಸಿಗತ್ತೆ. 2 ಲೀಟರ್ ಫ್ಲೋ, ಡೆಸ್ 6 ಪರ್ಸೆಂಟ್, ಅಂದ್ರೆ ಗಂಟೆಗೆ 36 ಎಂಎಲ್, ತೂಕದಲ್ಲಿ 53 ಗ್ರಾಂ ಹತ್ರ. ಒಂದು ಕೇಜಿ ಡೆಸ್ 100 ವರ್ಷದ ಲೆಕ್ಕದಲ್ಲಿ ಸುಮಾರು 2540 ಕೇಜಿ ಕಾರ್ಬನ್ ಡೈಆಕ್ಸೈಡ್ ಬಿಸಿ ಮಾಡೋಷ್ಟು ಭೂಮಿನ ಬಿಸಿ ಮಾಡತ್ತೆ. ಗುಣಿಸಿ ನೋಡಿ, ಒಂದು ಗಂಟೆ ಡೆಸ್ ಅಂದ್ರೆ 134 ಕೇಜಿ. ಪೆಟ್ರೋಲ್ ಒಂದು ಲೀಟರ್ ಸುಟ್ರೆ 2.3 ಕೇಜಿ ಬರತ್ತೆ, ಹಾಗಾದ್ರೆ 58 ಲೀಟರ್ ಪೆಟ್ರೋಲ್. ನನ್ನ ಸ್ಕೂಟರ್ ಟ್ಯಾಂಕ್ 5 ಲೀಟರ್ ಚಿಲ್ಲರೆ, ಹನ್ನೊಂದು ಸಲ ಫುಲ್ ಟ್ಯಾಂಕ್, ಒಂದೇ ಗಂಟೇಲಿ, ಒಂದೇ ಟೇಬಲ್ಲಲ್ಲಿ.

ಪೂರ್ತಿ ಬಾಟ್ಲಿ ತಗೊಂಡ್ರೆ 890 ಕೇಜಿ. ನನ್ನ ಸ್ಕೂಟರ್ ಲೀಟರಿಗೆ 45 ಕೊಡತ್ತೆ, ಆ ಲೆಕ್ಕದಲ್ಲಿ ಬೆಂಗಳೂರಿಂದ ಮೈಸೂರಿಗೆ ಅರವತ್ತು ಸಲ ಹೋಗಿ ಬಂದಷ್ಟು. ಇದನ್ನ ಮೊದಲನೇ ಸಲ ಕೇಸ್ ಶೀಟ್ ಹಿಂದೆ ಪೆನ್ನಲ್ಲಿ ಬರ್ದಾಗ ಸೊನ್ನೆ ಒಂದು ಜಾಸ್ತಿ ಹಾಕಿದೀನಾ ಅಂತ ಮೂರು ಸಲ ನೋಡ್ದೆ. ನಾನು ದಿನಾ ಮೆಟ್ರೋಲಿ ಹೋಗೋಳು, ಸ್ಕೂಟರ್ ಭಾನುವಾರಕ್ಕೆ ಮಾತ್ರ, ಮನೇಲಿ ಮಕ್ಕಳಿಗೆ ಫ್ಯಾನ್ ಆಫ್ ಮಾಡ್ರೋ ಅಂತ ಬೈಯೋಳು. ಆದ್ರೆ ಡ್ಯೂಟೀಲಿ ಒಂದು ವಾರಕ್ಕೆ ಎಷ್ಟು ನೀಲಿ ಬಾಟ್ಲಿ ತಿರುಗಿಸಿ ಹಾಕಿದೀನೋ ಏನೋ. ಹೊಟ್ಟೆ ತೊಳಸಿದಂಗೆ ಆಯ್ತು.

ಇನ್ನೊಂದು ಇದೆ. ಡೆಸ್ ಗಾಳೀಲಿ ಉಳಿಯೋ ಆಯಸ್ಸು 14 ವರ್ಷ ಅಂತ ಹೇಳ್ತಾರೆ, ಅಂದ್ರೆ 14 ವರ್ಷ ಆದ್ಮೇಲೆ ಮಾಯ ಆಗತ್ತೆ ಅಂತಲ್ಲ, ಅಷ್ಟು ಹೊತ್ತಿಗೂ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇನ್ನೂ ಮೇಲೇ ಇರತ್ತೆ. ನಾನು ಕೆಲ್ಸಕ್ಕೆ ಸೇರಿದ ವರ್ಷ ತುಂಬ್ಸಿದ ಬಾಟ್ಲಿದು ಇವತ್ತೂ ಆಕಾಶದಲ್ಲಿದೆ. ಸೆವೋ ಆದ್ರೆ ಒಂದು ವರ್ಷ ಚಿಲ್ಲರೆ, ಐಸೋ ಮೂರು ವರ್ಷ ಚಿಲ್ಲರೆ. ಇದೆಲ್ಲಾ ನಮ್ಮ ಊರಿನ ಮೇಲೇ ನಿಲ್ಲತ್ತೆ ಅಂದ್ಕೋಬೇಡಿ. 2015ರಲ್ಲಿ ವಿಜ್ಞಾನಿಗಳು ಬರ್ದಿದ್ರು, ಅಂಟಾರ್ಟಿಕಾ ಹತ್ರ ಕೊರಿಯಾದೋರ ಸ್ಟೇಷನ್ನಲ್ಲಿ ಹಿಡ್ದ ಗಾಳೀಲೂ ಈ ಗ್ಯಾಸ್ ಸಿಕ್ತು ಅಂತ. ಅಲ್ಲಿ ಯಾವ ದೊಡ್ಡ ಆಸ್ಪತ್ರೆ ಇದೆ ಹೇಳಿ? 2014ರಲ್ಲಿ ಪ್ರಪಂಚದಲ್ಲಿ ಬಿಟ್ಟ ಇಂಥ ಗ್ಯಾಸ್‌ಗಳು ಒಟ್ಟು ಸುಮಾರು 31 ಲಕ್ಷ ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ, ಅದ್ರಲ್ಲಿ 80 ಪರ್ಸೆಂಟ್ ಹತ್ರ ಡೆಸ್ ಒಂದರದ್ದೇ ಅಂತ ಅವ್ರ ಲೆಕ್ಕ, ನೈಟ್ರಸ್ ಬಿಟ್ಟು. ಪ್ರಪಂಚದ ಕಾರು ಫ್ಯಾಕ್ಟರಿ ಎಲ್ಲಾ ಸೇರಿಸಿದ್ರೆ ಇದು ಸಣ್ಣದು, ಒಪ್ತೀನಿ. ಆದ್ರೆ ಆ ಸಣ್ಣದ್ರಲ್ಲಿ ಐದರಲ್ಲಿ ನಾಲ್ಕು ಪಾಲು ಬೇರೆ ಬಾಟ್ಲಿ ಹಿಡ್ಕೊಂಡಿದ್ರೆ ಇರ್ತಾನೇ ಇರ್ಲಿಲ್ಲ ಅಂದ್ರೆ ಸುಮ್ನೆ ಹೇಗಿರೋದು.

ಡೆಸ್‌ಗೆ ನನ್ನ ಕಡೆಯಿಂದ ಐದಕ್ಕೆ ಒಂದು ಸ್ಟಾರ್. ಆ ಒಂದು ಎಚ್ರ ಆಗೋ ಸ್ಪೀಡಿಗೆ.

ಸೆವೋಫ್ಲುರೇನ್, ಹಳದಿ ಗುರುತು. ಇದು ನಮ್ಮ ಓಟಿಯ ಅನ್ನ ಸಾರು ಇದ್ದಂಗೆ, ದಿನಾ ಬೇಕು. ವಾಸನೆ ಸಿಹಿ, ಗಂಟಲು ಕೆರೆಯಲ್ಲ, ಅದಕ್ಕೆ ಮಕ್ಕಳಿಗೆ ಮಾಸ್ಕಲ್ಲೇ ಮಲಗಿಸಬಹುದು. ಡೆಸ್ ಕೊಟ್ಟು ಮಗುನ ಮಾಸ್ಕಲ್ಲಿ ಮಲಗ್ಸೋಕೆ ಹೋದ್ರೆ ಕೆಮ್ಮಿ ಉಸಿರು ಹಿಡ್ಕೊಂಡ್ಬಿಡತ್ತೆ, ಯಾರೂ ಮಾಡಲ್ಲ. ಟಾನ್ಸಿಲ್ ಆಪರೇಷನ್ನಿಗೆ ಬಂದ ಆರು ವರ್ಷದ ಒಂದು ಹುಡುಗಿ, ಅಮ್ಮನ ಕೈ ಬಿಡಲ್ಲ ಅಂತ ಬಾಗಿಲಲ್ಲೇ ಅತ್ಲು, ನಮ್ಮ ಮೇಡಂ ಮಾಸ್ಕ್ ತಗೊಂಡು ತಾವೇ ಮೂಗಿಗೆ ಹಿಡ್ಕೊಂಡಂಗೆ ಮಾಡಿ, "ಪುಟ್ಟಿ, ಈ ಬಲೂನ್ ಊದು ನೋಡಣ, ನನ್ನ ಕೈಲಿ ಆಗ್ತಿಲ್ಲ" ಅಂದ್ರು, ಅವ್ಳು ಊದ್ತಾ ಊದ್ತಾನೇ ಮಲಗಿದ್ಲು. ಆ ಥರ ಮಗುನ ಮಲಗಿಸೋ ಇನ್ನೊಂದು ಗ್ಯಾಸ್ ಇವತ್ತು ನಮ್ಮ ಹತ್ರ ಇಲ್ಲ, ಸೆವೋ ಬೇಕೇ ಬೇಕು.

ಲೆಕ್ಕ ನೋಡಿ, ಅದೇ 2 ಲೀಟರ್ ಫ್ಲೋ, ಸೆವೋ 2 ಪರ್ಸೆಂಟ್ ಸಾಕು, ಗಂಟೆಗೆ 12 ಎಂಎಲ್, 18 ಗ್ರಾಂ. ಇದರ ಗುಣಕ, ಅಂದ್ರೆ ಕಾರ್ಬನ್ ಡೈಆಕ್ಸೈಡಿಗಿಂತ ಎಷ್ಟು ಪಟ್ಟು ಬಿಸಿ ಮಾಡತ್ತೆ ಅನ್ನೋದು, 130, ಹೊಸ ಲೆಕ್ಕದಲ್ಲಿ ಇನ್ನೂ ಸ್ವಲ್ಪ ಜಾಸ್ತಿ ತೋರಿಸ್ತಾರೆ ಆದ್ರೂ ಡೆಸ್ ಹತ್ರಕ್ಕೂ ಬರಲ್ಲ. ಬರೋದು 2.4 ಕೇಜಿ, ಅಂದ್ರೆ ಒಂದು ಲೀಟರ್ ಪೆಟ್ರೋಲ್. ಆ ಕಡೆ 58 ಲೀಟರ್, ಈ ಕಡೆ ಒಂದು. ಅದೇ ರೋಗಿ, ಅದೇ ಸರ್ಜರಿ, ಅದೇ ನಿದ್ದೆ.

ಆದ್ರೆ ಸೆವೋ ಕೂಡ ಕೈಗೆ ಹೇಗೆ ಸಿಕ್ತೋ ಹಾಗೆ ಉರಿಸಿದ್ರೆ ಒಳ್ಳೇದಾಗಿ ಉಳಿಯಲ್ಲ, ಇಲ್ಲೇ ನನಗೆ ಬಹಳ ಹೇಳೋದಿದೆ. ಮಷಿನ್ನಲ್ಲಿ ಫ್ಲೋಮೀಟರ್ ನಾಬ್ ಇರತ್ತೆ. ಮಲಗಿಸೋವಾಗ 6 ಲೀಟರ್ ಇಡ್ತಾರೆ, ಮಗುಗೆ ಸೆವೋ 8ಕ್ಕೆ ಇಡ್ತಾರೆ, ಅದು ಸರಿ, ಬೇಗ ಮಲಗ್ಬೇಕು. ಟ್ಯೂಬ್ ಹಾಕಿ ಟೇಪ್ ಅಂಟಿಸಿ ಆದ್ಮೇಲೆ ಆ 6ನ ಇಳಿಸ್ಬೇಕು, ಎಷ್ಟೋ ಕಡೆ ಇಳಿಸೋದೇ ಮರೀತಾರೆ, ಫೋನ್ ಬರತ್ತೆ, ಲೈನ್ ಹಾಕ್ಬೇಕು, ಸರ್ಜನ್ ಪೊಸಿಷನ್ ಕೇಳ್ತಾರೆ, ನಾಬ್ ಹಾಗೇ ಕೂತಿರತ್ತೆ ಎರಡು ಗಂಟೆ. ದೊಡ್ಡ ಮನುಷ್ಯನ ದೇಹ ಮಲಗಿದಾಗ ನಿಮಿಷಕ್ಕೆ ಬಳಸೋ ಆಕ್ಸಿಜನ್ ಸುಮಾರು 250 ಎಂಎಲ್, ಕಾಲು ಲೀಟರ್. ನಾವು ಕೊಡ್ತಿರೋದು 6 ಲೀಟರ್. ಮಿಕ್ಕಿದ್ದು ಸೆವೋನ ಹೊತ್ಕೊಂಡು ಸೀದಾ ಟೆರೇಸಿಗೆ. ಸೋಡಾ ಲೈಮ್ ಡಬ್ಬ ಇರೋದು ಯಾಕೆ ಮತ್ತೆ, ರೋಗಿ ಬಿಟ್ಟ ಕಾರ್ಬನ್ ಡೈಆಕ್ಸೈಡನ್ನ ಅದು ಹೀರ್ಕೊಂಡು ಮಿಕ್ಕ ಗ್ಯಾಸನ್ನ ಮತ್ತೆ ಒಳಗೆ ಸುತ್ತಿಸೋಕೆ ತಾನೇ. ಅಷ್ಟು ದುಡ್ಡು ಕೊಟ್ಟು ಸುತ್ತೋ ಸರ್ಕ್ಯೂಟ್ ತಗೊಂಡು 6 ಲೀಟರ್ ಬಿಟ್ರೆ, ಸಂಪಿಂದ ಟ್ಯಾಂಕಿಗೆ ಪಂಪ್ ಆನ್ ಮಾಡಿ ಟ್ಯಾಂಕ್ ತುಂಬಿ ಹರಿದ್ರೂ ಆಫ್ ಮಾಡದೇ ಮಲಗಿದಂಗೆ.

6 ಲೀಟರಲ್ಲಿ ಸೆವೋ 2 ಪರ್ಸೆಂಟ್ ಅಂದ್ರೆ ಗಂಟೆಗೆ 36 ಎಂಎಲ್, ಅರ್ಧ ಲೀಟರ್ ಫ್ಲೋಲಿ ಅಂದ್ರೆ 3 ಎಂಎಲ್. ಹನ್ನೆರಡು ಪಟ್ಟು ವ್ಯತ್ಯಾಸ, ಒಂದು ನಾಬಲ್ಲಿ, ದುಡ್ಡೂ ಅಷ್ಟೇ ಪಟ್ಟು ಉಳಿಯತ್ತೆ. ಹೊಸ ಮಷಿನ್ನುಗಳಲ್ಲಿ ರೋಗಿ ಉಸಿರಲ್ಲಿ ಎಷ್ಟು ಆಕ್ಸಿಜನ್, ಎಷ್ಟು ಸೆವೋ ಇದೆ ಅಂತ ಸ್ಕ್ರೀನಲ್ಲೇ ಬರತ್ತೆ, ಅದನ್ನ ನೋಡ್ಕೊಂಡು ಡಾಕ್ಟ್ರು ಆರಾಮಾಗಿ ಇಳಿಸ್ಬಹುದು. ಆ ಮಾನಿಟರ್ ಇಲ್ದೇ ಇರೋ ಹಳೇ ಮಷಿನ್ನಲ್ಲಿ ಅರ್ಧ ಲೀಟರಿಗೆ ಇಳಿಸಿ ಅಂತ ನಾನು ಯಾರಿಗೂ ಹೇಳಲ್ಲ, ರೋಗಿ ಜೀವ ಮೊದ್ಲು. ಕೆಲವು ಸೀನಿಯರ್ ಡಾಕ್ಟ್ರು 2 ಲೀಟರಿಗಿಂತ ಕೆಳಗೆ ಬರಲ್ಲ, ಅವ್ರು ಕಲೀವಾಗ ಸೆವೋ ಹಳೇ ಸೋಡಾ ಲೈಮ್ ಜೊತೆ ಸೇರಿ ಕಾಂಪೌಂಡ್ ಎ ಅಂತ ಒಂದು ವಸ್ತು ಆಗತ್ತೆ, ಇಲಿಗಳಲ್ಲಿ ಕಿಡ್ನಿಗೆ ತೊಂದ್ರೆ ಮಾಡ್ತು ಅಂತ ಪಾಠ ಇತ್ತು. ಮನುಷ್ಯರಲ್ಲಿ ಆ ಥರ ಹಾನಿ ಕಂಡಿಲ್ಲ, ಮತ್ತೆ ಈಗ ಸಿಗೋ ಕ್ಯಾಲ್ಸಿಯಂ ಲೈಮ್‌ಗಳಲ್ಲಿ ಆ ವಸ್ತು ಆಗೋಕೆ ಕಾರಣ ಆಗೋ ಗಟ್ಟಿ ಕ್ಷಾರನೇ ಇರಲ್ಲ. ಸ್ಟೋರಿಂದ ಯಾವ ಲೈಮ್ ತರಿಸ್ತೀರಾ ಅನ್ನೋದೂ ಅದಕ್ಕೆ ಮುಖ್ಯ.

ನನ್ನ ಕೈಲಿ ಆಗೋದು ನಾನು ಮಾಡ್ತೀನಿ. ಟ್ಯೂಬ್ ಟೇಪ್ ಆದ ತಕ್ಷಣ "ಮೇಡಂ, ಫ್ಲೋ" ಅಂತೀನಿ, ಅಷ್ಟೆ, ಎರಡೇ ಪದ. ಮೊದ್ಲು ಒಬ್ರು ಸರ್ ಮುಖ ಸಿಂಡರಿಸಿದ್ರು, ಟೆಕ್ನಿಷಿಯನ್ ನನಗೆ ಹೇಳೋದಾ ಅಂತ, ನನಗೂ ಕೈ ನಡುಗಿತ್ತು. ಎರಡು ತಿಂಗಳು ಆದ್ಮೇಲೆ ಅವ್ರೇ ನಾನು ಬಾಯಿ ಬಿಡೋ ಮುಂಚೆ ಇಳಿಸಿ ನನ್ನ ಕಡೆ ನೋಡಿ ತಲೆ ಆಡ್ಸಿದ್ರು. ಇನ್ನೊಂದು ಅಭ್ಯಾಸ, ಮಾಸ್ಕ್ ತೆಗ್ದು ಲ್ಯಾರಿಂಗೋಸ್ಕೋಪ್ ಒಳಗೆ ಹಾಕೋ ಹೊತ್ತಲ್ಲಿ ವೇಪರೈಸರ್ ಮುಚ್ಚೋ ಬದ್ಲು ಫ್ಲೋನೇ ನಿಲ್ಲಿಸೋದು. ಹಾಗೆ ಮಾಡಿದ್ರೆ ಸರ್ಕ್ಯೂಟಲ್ಲಿ ಇರೋ ಗ್ಯಾಸ್ ಅಲ್ಲೇ ಉಳಿಯತ್ತೆ, ನಮ್ಮ ಮುಖಕ್ಕೂ ಹೊಡೆಯಲ್ಲ. ಇದು ನಮಗೆ ಸಣ್ಣ ವಿಷ್ಯ ಅಲ್ಲ, ಓಟಿಲಿ ದಿನಕ್ಕೆ ಎಂಟು ಗಂಟೆ ನಿಲ್ಲೋರು ನಾವು, ಸ್ಕಾವೆಂಜಿಂಗ್ ಕೆಟ್ಟ ದಿನ ಮಧ್ಯಾಹ್ನದ ಹೊತ್ತಿಗೆ ತಲೆ ಭಾರ ಆಗೋದು ಎಲ್ಲಾರಿಗೂ ಗೊತ್ತು. ನಮ್ಮ ಜೊತೆ ಒಬ್ಳು ಸಿಸ್ಟರ್ ಐದು ತಿಂಗಳ ಬಸುರಿ, ಮಕ್ಕಳ ಕೇಸ್ ಲಿಸ್ಟ್ ಇದ್ದ ದಿನ ನಾವೆಲ್ಲಾ ಮಾತಾಡ್ಕೊಂಡು ಅವ್ಳನ್ನ ರಿಕವರಿಗೆ ಹಾಕ್ಸಿದ್ವಿ.

ಸೆವೋಗೆ ನಾಲ್ಕು ಸ್ಟಾರ್, ಫ್ಲೋ ಇಳಿಸೋ ಕೈ ಇದ್ರೆ ಮಾತ್ರ.

ಐಸೋಫ್ಲುರೇನ್ ಬಗ್ಗೆ ಜಾಸ್ತಿ ಇಲ್ಲ. ನೇರಳೆ ಗುರುತು, ಮೂರರಲ್ಲಿ ಎಲ್ಲಕ್ಕಿಂತ ಅಗ್ಗ, ಎಷ್ಟೋ ಆಸ್ಪತ್ರೆಗಳು ಇವತ್ತೂ ಇದ್ರ ಮೇಲೇ ನಡೀತಿರೋದು. ಗುಣಕ 510, ಆದ್ರೆ 1.2 ಪರ್ಸೆಂಟಲ್ಲೇ ಕೆಲ್ಸ ಆಗೋದ್ರಿಂದ ಖರ್ಚಾಗೋದು ಕಮ್ಮಿ. ಇದ್ರಲ್ಲಿ ಕ್ಲೋರಿನ್ ಇದೆ, ಓಝೋನ್ ಪದರಕ್ಕೆ ಸ್ವಲ್ಪ ಹಾನಿ. ಏಳೋದು ನಿಧಾನ. ಮೂರು ಸ್ಟಾರ್.

ಈಗ ನೈಟ್ರಸ್ ಆಕ್ಸೈಡ್, ನೀಲಿ ಸಿಲಿಂಡರ್. ಇದು ಎಲ್ಲಕ್ಕಿಂತ ಹಳೇದು, 1840ರ ದಶಕದಿಂದ ಹಲ್ಲು ಕೀಳೋಕೆ ಬಳಸ್ತಿದ್ರು. ಗಾಳೀಲಿ 100 ವರ್ಷಕ್ಕಿಂತ ಜಾಸ್ತಿ ಇರತ್ತೆ, ಇವತ್ತು ಹುಟ್ಟಿದ ಮಗು ಮುದುಕಿ ಆದಾಗಲೂ ಇವತ್ತಿನ ಗ್ಯಾಸ್ ಅಲ್ಲೇ ಇರತ್ತೆ, ಓಝೋನ್ ಪದರನೂ ತಿನ್ನತ್ತೆ. ಗುಣಕ 273, ನೋಡೋಕೆ ಸಣ್ಣದು, ಆದ್ರೆ ಇದನ್ನ ಎಂಎಲ್ ಲೆಕ್ಕದಲ್ಲಿ ಕೊಡಲ್ಲ, ಅರ್ಧಕ್ಕರ್ಧ ಕೊಡ್ತಾರೆ. 2 ಲೀಟರ್ ಫ್ಲೋಲಿ ಅರ್ಧ ನೈಟ್ರಸ್ ಅಂದ್ರೆ ಗಂಟೆಗೆ 60 ಲೀಟರ್ ಗ್ಯಾಸ್, 110 ಗ್ರಾಂ, ಅಂದ್ರೆ 30 ಕೇಜಿ, ಹದಿಮೂರು ಲೀಟರ್ ಪೆಟ್ರೋಲ್. ಒಂದೇ ಲೀಟರ್ ಪೆಟ್ರೋಲಿನ ಸೆವೋ ಕೊಡ್ತಾ ಪಕ್ಕದಲ್ಲಿ ಹದಿಮೂರು ಲೀಟರಿನ ನೈಟ್ರಸ್ ಬಿಟ್ರೆ ಸೆವೋ ಆರಿಸಿದ ಪುಣ್ಯ ಎಲ್ಲಿ ಉಳೀತು? ಆಕ್ಸಿಜನ್ ಜೊತೆ ಮಾಮೂಲಿ ಮೆಡಿಕಲ್ ಏರ್ ಬಿಟ್ರೆ ಸಾಕು, ಬಹಳಷ್ಟು ಡಾಕ್ಟ್ರು ಈಗ ಹಾಗೇ ಮಾಡ್ತಾರೆ.

ಆದ್ರೆ ನೈಟ್ರಸ್ ಮೇಲೆ ನನ್ನ ದೊಡ್ಡ ದೂರು ರೋಗಿಗೆ ಕೊಡೋದ್ರ ಬಗ್ಗೆ ಅಲ್ಲ, ಕೊಡದೇ ಇರೋದ್ರ ಬಗ್ಗೆ. ಸಿಲಿಂಡರ್ ಒಳಗೆ ನೈಟ್ರಸ್ ದ್ರವ ಆಗಿರತ್ತೆ, ಅದಕ್ಕೆ ಮೀಟರ್ ಮುಳ್ಳು ಕೊನೇ ಹನಿ ದ್ರವ ಇರೋವರೆಗೂ ಅಲ್ಲಾಡೋದೇ ಇಲ್ಲ, ಅಡುಗೆ ಗ್ಯಾಸ್ ಸಿಲಿಂಡರ್ ಎತ್ತಿ ನೋಡ್ತೀವಲ್ಲ ಹಾಗೆ ತೂಕ ಹಾಕಿದ್ರೇ ಗೊತ್ತಾಗೋದು. ನಮ್ಮಲ್ಲಿ ಮ್ಯಾನಿಫೋಲ್ಡ್ ರೂಮಲ್ಲಿ ದೊಡ್ಡ ಸಿಲಿಂಡರ್ ಸಾಲಾಗಿ ಇಟ್ಟು ಪೈಪಲ್ಲಿ ಎಲ್ಲಾ ಓಟಿಗೆ ಹೋಗ್ತಿತ್ತು. ಟೆರೇಸ್ ಪೈಪ್ ನೋಡಿದ ಮೇಲೆ ನನಗೆ ತೂಕದ ಹುಚ್ಚು ಹಿಡೀತು. ಒಂದು ದೀಪಾವಳಿಗೆ ಮೂರು ದಿನ ಎಲೆಕ್ಟಿವ್ ಲಿಸ್ಟ್, ಅಂದ್ರೆ ಮೊದ್ಲೇ ದಿನ ಗೊತ್ತು ಮಾಡಿದ ಆಪರೇಷನ್ ಇರ್ಲಿಲ್ಲ, ಬಂದಿದ್ದು ಎರಡು ಎಮರ್ಜೆನ್ಸಿ ಸಿಸೇರಿಯನ್, ಎರಡೂ ಸ್ಪೈನಲ್ಲಲ್ಲಿ (ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಭಾಗ ಮಾತ್ರ ಮರಗಟ್ಟಿಸೋದು) ಆಯ್ತು, ಅಂದ್ರೆ ನೈಟ್ರಸ್ ನಾಬ್ ಯಾರೂ ಮುಟ್ಟಿಲ್ಲ. ಹಬ್ಬಕ್ಕೆ ಮುಂಚೆ ಗ್ಯಾಸ್ ರೂಮಿನ ಅಣ್ಣನ ಕೈಲಿ ತೂಕ ಹಾಕ್ಸಿದ್ದೆ, ಹಬ್ಬ ಆದ್ಮೇಲೆ ಮತ್ತೆ ಹಾಕ್ಸಿದೆ. 9 ಕೇಜಿ ಕಮ್ಮಿ. ಅಣ್ಣ ತಕ್ಕಡಿ ಒದರಿ ಮತ್ತೆ ಇಟ್ಟು ನೋಡ್ದ, ಅದೇ ಬಂತು. ಯಾರ ಮೂಗಿಗೂ ಹೋಗದೇ, ಯಾರ ನೋವನ್ನೂ ಕಮ್ಮಿ ಮಾಡದೇ 9 ಕೇಜಿ, 273ರಿಂದ ಗುಣಿಸಿ, ಸಾವಿರ ಲೀಟರ್ ಪೆಟ್ರೋಲಿಗಿಂತ ಜಾಸ್ತಿ.

ಎಲ್ಲಿ ಸೋರ್ತಿತ್ತು ಅಂತ ಹುಡುಕೋಕೆ ಸೋಪ್ ನೀರು ಹಿಡ್ಕೊಂಡು ಎರಡು ಭಾನುವಾರ ಹೋಯ್ತು. ಮ್ಯಾನಿಫೋಲ್ಡ್ ಹತ್ರ ಎರಡು ಕಡೆ, ಮುಚ್ಚಿ ಹಾಕಿದ್ದ ಹಳೇ ಓಟಿ ಗೋಡೇಲಿ ಒಂದು ಔಟ್‌ಲೆಟ್, ಅಲ್ಲಿ ಗುಳ್ಳೆ ಬರ್ತಿದ್ದಿದ್ದು ನೋಡಿ ನನಗೆ ಅಳು ಬಂತು ಅಂದ್ರೆ ನಂಬಿ, ಆ ರೂಮು ಸ್ಟೋರ್ ಆಗಿ ಎಷ್ಟು ವರ್ಷ ಆಗಿತ್ತೋ. ಇದು ನಮ್ಮೊಬ್ಬರ ಕಥೆ ಅಲ್ಲ. ಸ್ಕಾಟ್ಲೆಂಡಲ್ಲಿ ಎಡಿನ್‌ಬರೋ ಕಡೆ ಆಸ್ಪತ್ರೆಗಳಲ್ಲಿ ಕೊಂಡ ನೈಟ್ರಸ್ಸಿಗೂ ರೋಗಿಗೆ ಕೊಟ್ಟಿದ್ದಕ್ಕೂ ತಾಳೆ ಹಾಕಿ ನೋಡಿದಾಗ ಬಹುಪಾಲು ದಾರೀಲೇ ಸೋರಿ ಹೋಗ್ತಿತ್ತು ಅಂತ ಗೊತ್ತಾಗಿ, ಪೈಪ್‌ಲೈನನ್ನೇ ಮುಚ್ಚೋಕೆ ಶುರು ಮಾಡಿದ್ರು. ಅಮೆರಿಕದ ಅನಸ್ತೇಶಿಯಾ ಡಾಕ್ಟರ ಸಂಘನೂ ಈಗ ಅದನ್ನೇ ಹೇಳತ್ತೆ, ಸೆಂಟ್ರಲ್ ಪೈಪ್ ಬಿಡಿ, ಬೇಕಾದ ಕಡೆ ಸಣ್ಣ ಸಿಲಿಂಡರ್ ಇಟ್ಕೊಳ್ಳಿ ಅಂತ. ಪೈಪಿನ ನೈಟ್ರಸ್ಸಿಗೆ ನಾನು ಸ್ಟಾರೇ ಕೊಡಲ್ಲ.

ಡೆಸ್ ವಿಷ್ಯದಲ್ಲೂ ಹೊರದೇಶದೋರು ಮುಂದೆ ಹೋಗಿದಾರೆ, ಸ್ಕಾಟ್ಲೆಂಡ್ 2023ರಲ್ಲೇ ನಿಲ್ಲಿಸ್ತು, ಇಂಗ್ಲೆಂಡ್ 2024ರಲ್ಲಿ, ಯೂರೋಪಿಯನ್ ಯೂನಿಯನ್ 2026ರ ಜನವರಿ 1ರಿಂದ ಬೇರೆ ದಾರಿನೇ ಇಲ್ದಿದ್ರೆ ಮಾತ್ರ ಅಂತ ಕಾನೂನೇ ಮಾಡ್ತು. ಅಲ್ಲಿನ ರೋಗಿಗಳೂ ಆಪರೇಷನ್ ಮಾಡಿಸ್ಕೊಳ್ತಾನೇ ಇದಾರೆ, ಏಳ್ತಾನೇ ಇದಾರೆ.

ಹೋದ ವರ್ಷ ನಮ್ಮಮ್ಮನಿಗೆ ಮಂಡಿ ಆಪರೇಷನ್. ನಮ್ಮ ಆಸ್ಪತ್ರೇಲೇ ಮಾಡ್ಸಿದ್ವಿ, ನಾನೇ ಓಟಿಲಿ ಇದ್ದೆ. ಮೇಡಂ ಸ್ಪೈನಲ್ ಕೊಟ್ಟು ಮಂಡಿಗೊಂದು ನರ್ವ್ ಬ್ಲಾಕ್, ಅಂದ್ರೆ ನರದ ಹತ್ರ ನೋವು ತಡೆಯೋ ಇಂಜೆಕ್ಷನ್ ಹಾಕಿದ್ರು, ಗ್ಯಾಸ್ ಮುಟ್ಲೇ ಇಲ್ಲ, ಅಮ್ಮ ಅರೆನಿದ್ದೇಲಿ ಸುತ್ತಿಗೆ ಸದ್ದು ಕೇಳಿ "ಯಾರೇ ಅದು ತೆಂಗಿನಕಾಯಿ ಒಡೀತಿರೋದು" ಅಂದ್ರು. ಎಲ್ಲಾ ಸರ್ಜರಿಗೂ ಸ್ಪೈನಲ್ ಆಗಲ್ಲ, ಹೊಟ್ಟೆ ಮೇಲ್ಭಾಗ, ಎದೆ, ತಲೆ ಇವಕ್ಕೆ ಪೂರ್ತಿ ಮಲಗಿಸ್ಲೇಬೇಕು, ಅಲ್ಲೂ ರಕ್ತನಾಳಕ್ಕೆ ಕೊಡೋ ಪ್ರೊಪೊಫಾಲ್ ಅನ್ನೋ ನಿದ್ದೆ ಔಷಧಿನ ಪಂಪಲ್ಲಿ ಓಡಿಸಿ ಗ್ಯಾಸ್ ಇಲ್ದೇ ಮಾಡೋರಿದಾರೆ. ಅದಕ್ಕೆ ಸಿರಿಂಜು ಟ್ಯೂಬಿಂಗು ಪ್ಲಾಸ್ಟಿಕ್ ಜಾಸ್ತಿ, ಉಳಿದ ಪ್ರೊಪೊಫಾಲನ್ನ ಸಿಂಕಿಗೆ ಸುರೀಬಾರ್ದು, ಸುಡೋಕೆ ಕಳಿಸ್ಬೇಕು, ಅದೂ ನಮ್ಮ ಕೆಲ್ಸನೇ.

ನೀವು ರೋಗಿ ಕಡೆಯೋರಾಗಿ ಇದನ್ನ ಓದ್ತಿದ್ರೆ, ದಯವಿಟ್ಟು ಗ್ಯಾಸ್ ಬೇಡ ಅಂತ ಹಠ ಹಿಡೀಬೇಡಿ, ನಿಮ್ಮ ಹಾರ್ಟು ಲಂಗ್ಸು ನೋಡಿ ಯಾವ್ದು ಕೊಡ್ಬೇಕು ಅಂತ ತೀರ್ಮಾನ ಮಾಡೋದು ಡಾಕ್ಟ್ರು. ಆದ್ರೆ ಆಪರೇಷನ್ನಿಗೆ ಮುಂಚೆ ಪಿಎಸಿ ಅಂತ ಒಂದು ಚೆಕಪ್ ಇರತ್ತೆ, ಅನಸ್ತೇಶಿಯಾ ಡಾಕ್ಟ್ರು ನಿಮ್ಮ ಜೊತೆ ಕೂತು ಬೀಪಿ ಶುಗರ್ ಅಲರ್ಜಿ ಕೇಳೋ ಹೊತ್ತು, ಆಗ ಬೇಕಾದ್ರೆ ಕೇಳಿ, ಡಾಕ್ಟ್ರೇ ನನಗೆ ಸ್ಪೈನಲ್ಲಲ್ಲಿ ಆಗತ್ತಾ, ಇಲ್ಲಾಂದ್ರೆ ಯಾವ ಗ್ಯಾಸ್ ಕೊಡ್ತೀರಾ ಅಂತ. ಯಾರಾದ್ರೂ ಕೇಳಿದ್ರೆ ನಮ್ಮ ಮೇಡಂ ಖುಷಿ ಪಡ್ತಾರೆ, ಅವ್ರ ಕೆಲ್ಸನ ಒಬ್ರು ಗಮನಿಸಿದ್ರು ಅಂತ.

ನಮ್ಮ ಓಟಿಲಿ ಈಗ ಡೆಸ್ ವೇಪರೈಸರ್ ಮಷಿನ್ ಮೇಲಿಲ್ಲ, ಸ್ಟೋರಲ್ಲಿ ಕವರ್ ಹಾಕಿ ಇಟ್ಟಿದಾರೆ, ಕೊನೇ ಬಾಟ್ಲಿ ಮುಗಿದ ಮೇಲೆ ಇಂಡೆಂಟ್ ಹಾಕಿಲ್ಲ. ನೈಟ್ರಸ್ ಮ್ಯಾನಿಫೋಲ್ಡ್ ಮುಚ್ಚೋಕೆ ಎಂಟು ತಿಂಗಳು ಓಡಾಡ್ಬೇಕಾಯ್ತು, ಮೇಡಂ ನನ್ನ ತೂಕದ ಪುಸ್ತಕನ ಮ್ಯಾನೇಜ್‌ಮೆಂಟ್ ಮೀಟಿಂಗಿಗೆ ತಗೊಂಡು ಹೋಗಿದ್ರು. ಈಗ ಮಕ್ಕಳ ಓಟಿ ಮಷಿನ್ ಹಿಂದೆ ಒಂದು ಸಣ್ಣ ಸಿಲಿಂಡರ್ ಇದೆ, ವಾಲ್ವ್ ಮುಚ್ಚಿರತ್ತೆ, ಸ್ಪ್ಯಾನರ್ ಪಕ್ಕದಲ್ಲೇ ದಾರದಲ್ಲಿ ನೇತಾಕಿದೀನಿ, ಬೇಕಾದಾಗ ತೆಗೀತಾರೆ. ಸಂಕ್ರಾಂತಿ ರಜೆಗೆ ಹೋಗೋ ಮುಂಚೆ ಅದನ್ನ ತೂಕ ಹಾಕಿ ಚೀಟಿ ಅಂಟಿಸಿದ್ದೆ. ಎಳ್ಳು ಬೆಲ್ಲ ಹಂಚಿ ವಾಪಸ್ ಬಂದು ಗ್ಯಾಸ್ ರೂಮಿನ ಅಣ್ಣನ್ನ ಕರ್ಕೊಂಡು ಮತ್ತೆ ತಕ್ಕಡಿಗೆ ಇಟ್ಟೆ. ಚೀಟೀಲಿ ಏನಿತ್ತೋ ಅದೇ ಬಂತು.